ಹ್ಯಾನ್ಸನ್ ಪ್ಲೇಸ್: ಒಂದು ಸುವಾರ್ತಾಗೀತೆಯ ಮಟ್ಟು ಮತ್ತು ಅದರ ವಾಗ್ಗೇಯಕಾರ

ಇಂಗ್ಲಿಷ್ ಭಾಷೆಯ ಕ್ರೈಸ್ತ ಸ್ತುತಿಗೀತೆಗಳನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ೧೮ನೆಯ ಶತಮಾನದ ಐಸಾಕ್ ವಾಟ್ಸ್, ಚಾರ್ಲ್ಸ್ ವೆಸ್ಲಿ, ವಿಲಿಯಂ ಕೂಪರ್ ಇವರಲ್ಲಿಗೆ ಬಂದು ನಿಂತುಬಿಡುತ್ತದೆ. ಅವರ ತರುವಾಯ, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ ಪ್ರಪಂಚದ ಮೂಲೆಮೂಲೆಗೂ ಹಬ್ಬಿದ ಸುವಾರ್ತಾಗೀತೆಗಳನ್ನು ಸಾಹಿತ್ಯವಿಮರ್ಶಕರು ಪದ್ಯವೆಂದು ಒಪ್ಪುವುದಿಲ್ಲ. ಸಂಗೀತವಿಮರ್ಶಕರು ಸಂಗೀತವೆಂದು ಒಪ್ಪುವುದಿಲ್ಲ. ಇಬ್ಬರ ತಿರಸ್ಕಾರಕ್ಕೂ ಸಾಕಷ್ಟು ಕಾರಣವುಂಟು. ಈ ಗೀತೆಗಳಲ್ಲಿ ಹಲವು ಮಾತಿನಲ್ಲಿ ಅತಿಮಧುರ, ಮಟ್ಟಿನಲ್ಲಿ ಅತಿಸುಲಭ, ಒಟ್ಟಿನಲ್ಲಿ ಒಂದರ ಪ್ರತಿಯೇ ಇನ್ನೊಂದು. ಆದರೂ ಮಾತು ಮಟ್ಟುಗಳೆರಡೂ ಒಬ್ಬನ ಮನಸ್ಸಿನಿಂದಲೇ ಒಟ್ಟಿಗೆ ಹೊರಟ ಕೃತಿಯನ್ನು ಮಾತನ್ನು ಬೇರೆ ಮಾಡಿ, ಮಟ್ಟನ್ನು ಬೇರೆ ಮಾಡಿ ತೂಗುವ ಕ್ರಮವೇ ಸರಿಯೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ನಮ್ಮಲ್ಲಿ ಅಂಥ ಕೃತಿಕಾರನಿಗೆ ವಾಗ್ಗೇಯಕಾರನೆಂಬ ಹೆಸರೇ ಇದೆ; ಅವನ ಕೃತಿಯನ್ನು ಅಳೆಯುವ ರೀತಿಯೂ ಬೇರೆ. ಪ್ರಕೃತ ಲೇಖನದಲ್ಲಿ ಇಂಥ ಒಂದೇ ಒಂದು ಗೀತೆಯನ್ನು ಎತ್ತಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತೇವೆ. ಅದು ರಾಬರ್ಟ್ ಲೌರಿ ೧೮೬೪ರಲ್ಲಿ ರಚಿಸಿದ 'ಬ್ಯೂಟಿಫುಲ್ ರಿವರ್'. ಗೀತಸಂಪುಟಗಳಲ್ಲಿ ಅದರ ಮಟ್ಟಿಗೆ 'ಹ್ಯಾನ್ಸನ್ ಪ್ಲೇಸ್' ಎಂದು ಹೆಸರು.

ಹ್ಯಾನ್ಸನ್ ಪ್ಲೇಸ್ ಎಂಬುದು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಬೀದಿ. ಅಲ್ಲಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಲೌರಿ ೧೮೬೧ರಿಂದ ೧೮೬೯ರವರೆಗೆ ಪಾದ್ರಿಯಾಗಿದ್ದ. ಆತ ಹುಟ್ಟಿದ್ದು ೧೮೨೬ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ. ಪೆನ್ಸಿಲ್ವೇನಿಯಾದ ಲೂಯಿಸ್‌ಬರ್ಗ್ ವಿಶ್ವವಿದ್ಯಾನಿಲಯದಿಂದ (ಈಗಿನ ಬಕ್‌ನೆಲ್ ವಿಶ್ವವಿದ್ಯಾನಿಲಯ) ೧೮೫೪ರಲ್ಲಿ ಪದವೀಧರನಾಗಿ, ಬ್ರೂಕ್ಲಿನ್ನಿನ ತರುವಾಯ ಕೆಲವು ವರ್ಷ ಅಲ್ಲಿಯೇ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದು, ಕೊನೆಗೆ ನ್ಯೂಜರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ನೆಲೆಸಿ ೧೮೯೯ರಲ್ಲಿ ಕಾಲವಾದ. ಜೀವನವೃತ್ತಾಂತದಲ್ಲಿ ಇದಕ್ಕಿಂತ ಹೆಚ್ಚಿನದು ನಮ್ಮ ವಿಷಯಕ್ಕೆ ಅಗತ್ಯವಿಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕು: ಆತ ತನ್ನನ್ನು ಸಂಗೀತಗಾರನೆಂದು ಎಣಿಸಿಕೊಂಡವನಲ್ಲ. ಕಿವಿಗೊಟ್ಟು ಕೇಳುವ ಸಭೆಯ ಮುಂದೆ ಒಂದು ಪ್ರವಚನ ಮಾಡುವುದು ಒಂದು ಗೀತೆಯನ್ನು ಬರೆಯುವುದಕ್ಕಿಂತ ತನಗೆ ಹೆಚ್ಚು ಪ್ರಿಯವೆಂದು ಆತನೇ ಹೇಳಿಕೊಂಡಿದ್ದಾನೆ. ಸಂಗೀತಶಾಸ್ತ್ರವನ್ನು ಆತ ಕ್ರಮವಾಗಿ ವ್ಯಾಸಂಗ ಮಾಡತೊಡಗಿದ್ದು ಗೀತಸಂಪುಟಗಳಿಂದ ಹೆಸರು ಬಂದ ಮೇಲೆ. 'ಬ್ಯೂಟಿಫುಲ್ ರಿವರ್' ಆ ವ್ಯಾಸಂಗಕ್ಕೆ ಮುಂಚಿನ ಕೃತಿ.

ಗೀತೆ ಹುಟ್ಟಿದ ಸಂದರ್ಭವನ್ನು ಕುರಿತು ಎರಡು ಹೇಳಿಕೆಗಳು ಪ್ರಚಾರದಲ್ಲಿವೆ. ಬ್ರೂಕ್ಲಿನ್ನಿನಲ್ಲಿ ಸಾಂಕ್ರಾಮಿಕ ರೋಗ ಹರಡಿ ಜನ ಸಾಯುತ್ತಿದ್ದಾಗ, ಅಗಲಿದವರನ್ನು ಮತ್ತೆ ಕೂಡುವೆವೇ ಎಂದು ಸಭೆಯವರು ಕೇಳಿದ ಪ್ರಶ್ನೆಗೆ ಉತ್ತರವಾಗಿ ಲೌರಿ ಇದನ್ನು ಬರೆದನೆಂಬುದು ಒಂದು. ಗೀತಚರಿತ್ರೆಯ ಪುಸ್ತಕಗಳು ಈ ಕಥೆಯನ್ನು ಒಂದರಿಂದ ಒಂದು ಎತ್ತಿಕೊಂಡು ಬಂದಿವೆ. ಎರಡನೆಯದು ಲೌರಿಯ ಸ್ವಂತ ಹೇಳಿಕೆ. ಅದರ ಪ್ರಕಾರ, ೧೮೬೪ರ ಜುಲೈ ತಿಂಗಳ ಒಂದು ಮಧ್ಯಾಹ್ನ ಸಹಿಸಲಾರದ ಸೆಕೆ. ದೇಹ ಬಳಲಿ ಆತ ಒರಗಿಕೊಂಡಿದ್ದಾಗ ಬೈಬಲಿನ ಕೊನೆಯ ಪುಸ್ತಕವಾದ 'ಪ್ರಕಟನೆ'ಯ ದೃಶ್ಯಗಳು ಕಣ್ಣಮುಂದೆ ಸುಳಿದವು. ಸ್ತುತಿಗೀತೆಗಳನ್ನು ಬರೆದವರು ಸಾವಿನ ನದಿಯ ವಿಷಯವನ್ನು ಇಷ್ಟೊಂದು ಹಾಡಿ ಜೀವಜಲದ ನದಿಯ ವಿಷಯವನ್ನು ಇಷ್ಟು ಕಡಮೆ ಹಾಡಿದ್ದೇಕೆಂಬ ಯೋಚನೆ ಬಂತು. ಮಾತು ಮೊದಲು ಪ್ರಶ್ನೆಯಾಗಿ ಮೂಡಿ, ಆಮೇಲೆ ಉತ್ತರವಾಗಿ ಪಲ್ಲವಿಯಲ್ಲಿ ಒಡೆದುಕೊಂಡು ಬಂತು. ಮಟ್ಟು ಮಾತಿನ ಜೊತೆಯಲ್ಲೇ ಬಂತು.

ಈ ಎರಡರಲ್ಲಿ ಎರಡನೆಯದನ್ನೇ ನಾವು ಅವಲಂಬಿಸಬೇಕಾಗಿದೆ. ಲೌರಿಯ ಹೇಳಿಕೆಯಲ್ಲಿ ರೋಗದ ಮಾತಿಲ್ಲ. ಸಭೆಯವರ ಪ್ರಶ್ನೆಯೂ ಇಲ್ಲ. ಆದರೆ ಮೊದಲನೆಯ ಕಥೆ ಹುಟ್ಟಿದ್ದೇಕೆಂಬುದು ವಿಚಾರಾರ್ಹವಾಗಿದೆ. ಬಳಲಿದ ಪಾದ್ರಿಯೊಬ್ಬ ಸೆಕೆಯಲ್ಲಿ ಒರಗಿ ತಣ್ಣನೆಯ ನದಿಯನ್ನು ನೆನೆದನೆಂಬ ವಿವರಣೆ ಜನರಿಗೆ ಸಾಲದಾಯಿತು. ಗೀತೆಯ ಪ್ರಶ್ನೆಯಲ್ಲಿ ಅವರು ಕೇಳಿದ ಧ್ವನಿ ಇದಕ್ಕಿಂತ ಗಾಢವಾಗಿತ್ತು; ಆ ಧ್ವನಿಗೆ ತಕ್ಕ ಒಂದು ಕಾರಣ ಬೇಕಾಯಿತು. ೧೮೬೪ರ ಬೇಸಗೆಯೆಂದರೆ ಅಮೆರಿಕಾದ ಅಂತರ್ಯುದ್ಧದ ಅತ್ಯಂತ ರಕ್ತಮಯವಾದ ತಿಂಗಳುಗಳಲ್ಲಿ ಸೇರಿದ್ದು. ಗ್ರಾಂಟನ ಸೈನ್ಯ ವರ್ಜೀನಿಯಾದ ಕಾಳಗಗಳಲ್ಲಿ ಸಾವಿರ ಸಾವಿರ ಜನರನ್ನು ಕಳೆದುಕೊಂಡು ಪೀಟರ್ಸ್‌ಬರ್ಗ್ ನಗರದ ಮುಂದೆ ಮುತ್ತಿಗೆ ಹಾಕಿ ಕುಳಿತಿತ್ತು. ಲೌರಿ ಯುದ್ಧದ ಹೆಸರನ್ನೂ ಎತ್ತುವುದಿಲ್ಲವಾದ್ದರಿಂದ ಗೀತೆಗೆ ಯುದ್ಧವೇ ಕಾರಣವೆಂದು ಹೇಳುವುದು ಸಾಹಸವಾದೀತು. ಹಾಡಿದವರ ವಿಷಯದಲ್ಲಿ ಮಾತ್ರ ಹಾಗೆ ಹೇಳಬಾರದು. ಮಗನೋ ಅಣ್ಣನೋ ಮನೆಗೆ ಹಿಂದಿರುಗದಿದ್ದ ಕುಟುಂಬದವರು ೧೮೬೫ರಲ್ಲಿ 'ಹ್ಯಾಪಿ ವಾಯ್ಸಸ್' ಎಂಬ ಸಂಪುಟದಲ್ಲಿ ಈ ಗೀತೆ ಅಚ್ಚಾದಾಗ ಅದನ್ನು ಹಾಡಿದರು. ಕೂಡುವೆವೇ ಎಂಬ ಕ್ರಿಯಾಪದ ಅವರ ಬಾಯಲ್ಲಿ ಪಡೆದ ಅರ್ಥಕ್ಕೆ ಕವಿ ಹೊಣೆಯಲ್ಲ. ಆದರೂ ಆ ಅರ್ಥ ಗೀತೆಯ ಅರ್ಥದ ಭಾಗವೇ ಆಗಿದೆ.

ಇನ್ನು ನದಿಯ ವಿಷಯ. ಇಂಗ್ಲಿಷ್ ಸ್ತುತಿಗೀತೆಗಳಲ್ಲಿ ನದಿಯೆಂದರೆ ಸಾಮಾನ್ಯವಾಗಿ ಯೊರ್ದನ್ ನದಿ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಕಾನಾನ್ ದೇಶವನ್ನು ಸೇರಲು ದಾಟಬೇಕಾದ ಕೊನೆಯ ಅಡ್ಡಿ ಅದು. ಆದಕಾರಣ ಅದು ಭಕ್ತನು ಪರಲೋಕವನ್ನು ಸೇರಲು ದಾಟಬೇಕಾದ ಸಾವಿನ ಸಂಕೇತವಾಯಿತು. ವಾಟ್ಸ್ ೧೮ನೆಯ ಶತಮಾನದ ಆರಂಭದಲ್ಲಿಯೇ ಸಾವನ್ನು ಈ ನೆಲವನ್ನೂ ಆ ನೆಲವನ್ನೂ ಬೇರ್ಪಡಿಸುವ ಕಿರಿದಾದ ನೀರಾಗಿ ಚಿತ್ರಿಸಿದ್ದ. ೧೭೮೭ರಲ್ಲಿ ಸ್ಯಾಮ್ಯುಯೆಲ್ ಸ್ಟೆನೆಟ್ ಬಿರುಗಾಳಿಯ ಯೊರ್ದನ್ ದಡದಲ್ಲಿ ನಿಂತು ಆಚೆಯ ದೇಶವನ್ನು ಹಂಬಲಿಸಿ ನೋಡುವ ಭಕ್ತನನ್ನು ಚಿತ್ರಿಸಿದ. ಈ ಚಿತ್ರಗಳಲ್ಲೆಲ್ಲ ನದಿ ಒಂದು ಭಯ; ದಾಟುವವನು ಒಂಟಿ. ಲೌರಿ ಎತ್ತಿಕೊಂಡದ್ದು 'ಪ್ರಕಟನೆ'ಯ ೨೨ನೆಯ ಅಧ್ಯಾಯದ ಮೊದಲ ವಚನದ ನದಿಯನ್ನು. ಅದು ದೇವರ ಸಿಂಹಾಸನದ ಕಡೆಯಿಂದ ಹೊರಟು ಸ್ಫಟಿಕದಂತೆ ಹೊಳೆಯುತ್ತ ಹರಿಯುವ ಜೀವಜಲ. ಅದನ್ನು ದಾಟಬೇಕಾಗಿಲ್ಲ, ಅದರ ದಡದಲ್ಲಿ ಸೇರಿದರೆ ಸಾಕು. ಒಂಟಿತನಕ್ಕೆ ಅಲ್ಲಿ ಎಡೆಯಿಲ್ಲ. 'ದಾಟು' ಎಂಬ ಕ್ರಿಯೆಯನ್ನು ಬಿಟ್ಟು 'ಕೂಡು' ಎಂಬ ಕ್ರಿಯೆಯನ್ನು ಹಿಡಿದದ್ದೇ ಕವಿಯಾಗಿ ಲೌರಿ ಮಾಡಿದ ಮುಖ್ಯ ಕೆಲಸ. ಉತ್ತಮಪುರುಷ ಏಕವಚನದಲ್ಲಿ ಮುಳುಗಿಹೋಗಿದ್ದ ಆ ಕಾಲದ ಭಕ್ತಿಗೀತೆಗಳ ನಡುವೆ ಇದು ಬಹುವಚನದ ಗೀತೆಯಾಗಿ ನಿಲ್ಲುವುದನ್ನೂ ಗಮನಿಸಬೇಕು.

ಈ ಹೊಸತನವನ್ನು ಐದು ಚರಣಗಳ ಉದ್ದಕ್ಕೂ ಉಳಿಸಿಕೊಳ್ಳುವ ಶಕ್ತಿ ಲೌರಿಗೆ ಇರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಮೊದಲ ಚರಣ ಕಟ್ಟಿದ ಚಿತ್ರವನ್ನು ಉಳಿದ ಚರಣಗಳು ಬೆಳೆಸುವುದಿಲ್ಲ, ಬಣ್ಣ ಬಳಿಯುತ್ತವೆ. ಬೆಳ್ಳಿಯ ತುಂತುರು, ಹೊಳೆಯುವ ನೀರು, ಚಿನ್ನದ ದಿನ, ನಿಲುವಂಗಿ, ಕಿರೀಟ ಎಂದು ಭಾನುವಾರದ ಪಾಠಶಾಲೆಯ ಪರಲೋಕದ ಸಾಮಗ್ರಿಯೆಲ್ಲ ಒಂದಾದ ಮೇಲೊಂದು ಬರುತ್ತದೆ. ಅಲ್ಲದೆ ನದಿಯನ್ನು ಮುಟ್ಟುವ ಮುಂಚೆ ಹೊರೆಗಳನ್ನು ಇಳಿಸಬೇಕೆಂಬ, ಯಾತ್ರೆ ಬೇಗನೆ ಮುಗಿಯುವುದೆಂಬ ಮಾತುಗಳು ಬರುವಾಗ ಕವಿ ಬಿಟ್ಟೆನೆಂದುಕೊಂಡ ಹಳೆಯ ಯೊರ್ದನ್ ನದಿಯೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಜನರ ಬಳಕೆಯಲ್ಲಂತೂ ಎರಡು ನದಿಗಳೂ ಒಂದೇ ಆದವು. ಶವಸಂಸ್ಕಾರದಲ್ಲಿ ಇದನ್ನು ಹಾಡುವವರು ಸಾವಿನ ನದಿಯನ್ನೇ ನೆನೆಯುತ್ತಾರೆ. ಬ್ಯಾಪ್ಟಿಸ್ಟರು ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವವರಾದ್ದರಿಂದ, ದಡದಲ್ಲಿ ನಿಂತು ಹಾಡುವಾಗ ನದಿ ಸಂಕೇತವೂ ಅಲ್ಲ, ಕಣ್ಣಮುಂದಿನ ನೀರು. ಬರಿಯ ಪದ್ಯವಾಗಿ ನೋಡಿದರೆ ಈ ಕೃತಿಗೆ ಮೊದಲ ಚರಣ ಮತ್ತು ಪಲ್ಲವಿಯ ಹೊರತು ಹೆಚ್ಚಿನ ಬೆಲೆ ಕಟ್ಟಲಾಗದು. ಆದರೆ ನಾವು ಮೊದಲೇ ಹೇಳಿದಂತೆ ಇದು ಬರಿಯ ಪದ್ಯವಲ್ಲ.

ಮಟ್ಟಿನ ರಚನೆಯನ್ನು ನೋಡೋಣ. ಪಾಶ್ಚಾತ್ಯ ಸಂಗೀತದಲ್ಲಿ ರಾಗದ ಕೆಳಗೆ ಸ್ವರಮೇಳಗಳ ನಡೆಯೊಂದು ಇರುತ್ತದೆಂಬುದು ವಾಚಕರಿಗೆ ತಿಳಿದದ್ದೇ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಷಡ್ಜದ ಮೇಲೆ, ಪಂಚಮದ ಮೇಲೆ, ಮಧ್ಯಮದ ಮೇಲೆ ನಿಲ್ಲಿಸಿದ ಮೂರು ಸ್ವರಗಳ ಗುಂಪುಗಳು ಇವುಗಳಲ್ಲಿ ಮುಖ್ಯ. ಷಡ್ಜದ ಮೇಳ ಮನೆ. ಪಂಚಮದ ಮೇಳ ಮನೆಗೆ ಹಿಂದಿರುಗಬೇಕೆಂದು ಒತ್ತಾಯಿಸುವ ಹೊಸ್ತಿಲು. ಮಧ್ಯಮದ ಮೇಳ ಮನೆಯಿಂದ ಇನ್ನೊಂದು ದಿಕ್ಕಿಗೆ ತೆರೆಯುವ ಅಂಗಳ. ಲೌರಿಯ ಗೀತೆಯಲ್ಲಿ ಇರುವುದು ಈ ಮೂರು ಮಾತ್ರ. ಸುವಾರ್ತಾಗೀತೆಗಳಲ್ಲಿ ಇದೇನೂ ವಿಶೇಷವಲ್ಲ. ಅವುಗಳ ಬಡತನಕ್ಕೆ ವಿಮರ್ಶಕರು ಕೊಡುವ ಮೊದಲ ಸಾಕ್ಷ್ಯವೇ ಇದು. ನೋಡಬೇಕಾದದ್ದು ಆ ಮೂರನ್ನು ಆತ ಹಂಚಿರುವ ರೀತಿಯನ್ನು.

ಚರಣದ ನಾಲ್ಕು ಸಾಲುಗಳಲ್ಲಿ ಷಡ್ಜ ಪಂಚಮಗಳ ಮೇಳಗಳೆರಡೇ ಕೆಲಸ ಮಾಡುತ್ತವೆ. ಮೊದಲ ಸಾಲು ಮನೆಯಲ್ಲಿ, ಎರಡನೆಯದು ಹೊಸ್ತಿಲಲ್ಲಿ, ಮೂರನೆಯದು ಮತ್ತೆ ಮನೆಯಲ್ಲಿ, ನಾಲ್ಕನೆಯದು ಹೊಸ್ತಿಲಿಂದ ಹೊರಟು ಮನೆಗೆ. ರಾಗವೂ ಅಷ್ಟೇ ಸಂಯಮದ್ದು. ಗಾಂಧಾರದಲ್ಲಿ ಆರಂಭವಾಗಿ, ಆ ಸ್ವರವನ್ನೇ ಮತ್ತೆ ಮತ್ತೆ ತಟ್ಟಿ, ನೆರೆಯ ಸ್ವರಗಳಿಗೆ ಹೆಜ್ಜೆಯಿಟ್ಟು ಹಿಂದಕ್ಕೆ ಬರುತ್ತದೆ. ಎಂಟು, ಏಳು, ಎಂಟು, ಏಳು ಅಕ್ಷರಗಳ ಸಾಲುಗಳು ಗುರುವಿನಿಂದ ಆರಂಭವಾಗಿ ನಾಲ್ಕು ನಾಲ್ಕು ಎಣಿಕೆಯ ನಡೆಯಲ್ಲಿ ಸಾಗುತ್ತವೆ. ನಮ್ಮ ಚತುರ್ಮಾತ್ರಾ ಗತಿಗೆ ಹೊಂದಿಕೊಂಡ ಕಿವಿಗೆ ಇದು ಅಪರಿಚಿತವೆನಿಸದು. ಇಷ್ಟು ಹೊತ್ತೂ ಮಧ್ಯಮದ ಮೇಳ ಕೇಳಿಸಿಯೇ ಇಲ್ಲ. ಪ್ರಶ್ನೆ ಮುಗಿಯುತ್ತದೆ. ಪಲ್ಲವಿಯ ಮೊದಲ ಮಾತು 'ಹೌದು' ಎಂಬುದು; ಮಧ್ಯಮದ ಮೇಳ ಮೊಟ್ಟಮೊದಲು ಕೇಳಿಸುವುದು ಆ ಮಾತಿನ ಮೇಲೆ. ರಾಗವೂ ಚರಣ ಆರಂಭವಾದುದಕ್ಕಿಂತ ಮೇಲಿನ ನೆಲೆಯಿಂದ ಎತ್ತಿಕೊಳ್ಳುತ್ತದೆ. ಪಲ್ಲವಿಯ ಮೂರನೆಯ ಸಾಲಿನಲ್ಲಿ, ಸಂತರ ಜೊತೆಗೆ ಕೂಡುವ ಮಾತು ಬಂದಾಗ, ಅದೇ ಮೇಳ ಮತ್ತೊಮ್ಮೆ ತೆರೆದುಕೊಳ್ಳುತ್ತದೆ. ಎಂದರೆ, ಪ್ರಶ್ನೆಗೆ ಎರಡು ಮೇಳಗಳನ್ನು ಕೊಟ್ಟು, ಮೂರನೆಯದನ್ನು ಉತ್ತರಕ್ಕಾಗಿ ಕಾದಿರಿಸಲಾಗಿದೆ. ಲೌರಿ ಇದನ್ನು ಲೆಕ್ಕ ಹಾಕಿ ಮಾಡಿದನೋ, ಪ್ರಶ್ನೆ ಉತ್ತರಗಳ ಜೊತೆಯಲ್ಲಿ ಅದು ತಾನಾಗಿಯೇ ಬಂದಿತೋ ಎಂಬುದು ಬೇರೆ ಮಾತು. ಮಾತನ್ನು ಬಿಟ್ಟು ಮಟ್ಟನ್ನು ನೋಡುವವನಿಗೆ ಕಾಣುವುದು ಮೂರು ಅಗ್ಗದ ಮೇಳಗಳು. ಮಟ್ಟನ್ನು ಬಿಟ್ಟು ಮಾತನ್ನು ನೋಡುವವನಿಗೆ ಕಾಣುವುದು ಪ್ರಶ್ನೆಯನ್ನೇ ಉತ್ತರವಾಗಿ ತಿರುಗಿಸಿದ ಪುನರುಕ್ತಿ. ಎರಡನ್ನೂ ಒಟ್ಟಿಗೆ ಕೇಳಿದವನಿಗೆ ಮಾತ್ರ ಆ 'ಹೌದು' ಒಂದು ಘಟನೆಯಾಗಿ ಕೇಳಿಸುತ್ತದೆ.

ಇದರ ಜೊತೆಗೆ ಒಂದು ಆಕ್ಷೇಪವನ್ನೂ ನಾವೇ ಎತ್ತಬೇಕು. ಚರಣದ ನಾಲ್ಕು ಸಾಲುಗಳೂ ಸೇರಿ ಒಂದೇ ಪ್ರಶ್ನಾವಾಕ್ಯ. ಆ ಪ್ರಶ್ನೆ ಮುಗಿಯುವಾಗ ಮಟ್ಟು ಎಲ್ಲಿ ನಿಂತಿರುತ್ತದೆ? ಷಡ್ಜದಲ್ಲಿ, ಪೂರ್ಣ ವಿಶ್ರಾಂತಿಯಲ್ಲಿ. ವ್ಯಾಕರಣ ಕೇಳುತ್ತಿದೆ, ಸಂಗೀತ ಕೇಳುತ್ತಿಲ್ಲ. ಉತ್ತರ ಮೊದಲೇ ಗೊತ್ತಿರುವವನು ಮಕ್ಕಳಿಂದ ಹೇಳಿಸಲೆಂದು ಕೇಳುವ ಪ್ರಶ್ನೆಯಂತೆ ಇದು ಕೇಳಿಸುತ್ತದೆ. ಗೀತೆ ಭಾನುವಾರದ ಪಾಠಶಾಲೆಯ ಕೂಸಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಗೀತೆಯಲ್ಲಿ ಸಂಶಯಕ್ಕೆ ಎಡೆಯೇ ಇಲ್ಲದಿರುವುದು ಅದರ ಬಲವೂ ಹೌದು, ಮಿತಿಯೂ ಹೌದು. ಮುಂದೆ ಇದೇ ಎಡೆಯಲ್ಲಿ ಬೇರೊಬ್ಬ ದೊಡ್ಡ ಸಂಗೀತಗಾರ ಕೈಹಾಕಿದ.

ಪಲ್ಲವಿ ಎಂಬ ಮಾತನ್ನು ನಾವು ಸಡಿಲವಾಗಿ ಬಳಸುತ್ತಿದ್ದೇವೆ. ದಾಸರ ಪದಗಳಲ್ಲಿ ಪಲ್ಲವಿ ಮೊದಲು ಬರುತ್ತದೆ, ಅದು ಪ್ರತಿಜ್ಞೆ, ಚರಣಗಳು ಅದಕ್ಕೆ ನಿದರ್ಶನಗಳಾಗಿ ಬಂದು ಅದರಲ್ಲಿಯೇ ಹಿಂದಿರುಗಿ ಸೇರುತ್ತವೆ. ಸುವಾರ್ತಾಗೀತೆಯಲ್ಲಿ ಪಲ್ಲವಿ ಚರಣದ ತರುವಾಯ ಬರುತ್ತದೆ. ಅದು ಹಿಂದಿರುಗುವ ನೆಲೆಯಲ್ಲ, ತಲಪುವ ನೆಲೆ. ಪುಸ್ತಕವಿಲ್ಲದವರೂ ಓದುಬಾರದವರೂ ಚರಣವನ್ನು ಕೇಳುತ್ತಿದ್ದು ಪಲ್ಲವಿಯಲ್ಲಿ ದನಿಗೂಡಿಸಬಹುದು. ಲೌರಿ ಈ ಕ್ರಮದ ಶಕ್ತಿಯನ್ನು ಚೆನ್ನಾಗಿ ಅರಿತಿದ್ದ. ವಾಟ್ಸ್ ೧೭೦೭ರಲ್ಲಿ ಪ್ರಕಟಿಸಿದ್ದ ಹಳೆಯ ಗೀತೆಯೊಂದಕ್ಕೆ ೧೮೬೭ರಲ್ಲಿ ಆತ ಚೀಯೋನ್ ಬೆಟ್ಟದ ಕಡೆಗೆ ನಡೆಯುವ ಪಲ್ಲವಿಯೊಂದನ್ನು ಸೇರಿಸಿ ಹೊಸ ಮಟ್ಟು ಹಾಕಿದ. ಗಂಭೀರವಾಗಿ ಕುಳಿತಿದ್ದ ಗೀತೆ ಎದ್ದು ನಡೆಯಿತು. ತನ್ನ ಸಭೆಯವಳೇ ಆಗಿದ್ದ ಆನಿ ಹಾಕ್ಸ್ ೧೮೭೨ರಲ್ಲಿ ಬರೆದ 'ಐ ನೀಡ್ ದೀ ಎವೆರಿ ಅವರ್' ಎಂಬುದಕ್ಕೂ ಪಲ್ಲವಿಯನ್ನೂ ಮಟ್ಟನ್ನೂ ಆತನೇ ಕೊಟ್ಟ. ಈ ವಿಧಾನದ ಅತ್ಯುತ್ತಮ ಉದಾಹರಣೆಯೆಂದರೆ ಮಾತೂ ಮಟ್ಟೂ ಆತನವೇ ಆದ, ಪುನರುತ್ಥಾನವನ್ನು ಕುರಿತ ೧೮೭೪ರ 'ಕ್ರೈಸ್ಟ್ ಅರೋಸ್'. ಅಲ್ಲಿ ಚರಣ ತಗ್ಗಿನ ಸ್ಥಾಯಿಯಲ್ಲಿ, ನಿಧಾನವಾಗಿ, ಗೋರಿಯ ಬಳಿಯಲ್ಲಿ ಕಾಯುವವರ ಹಾಗೆ ಸಾಗಿ, ಪಲ್ಲವಿ ಒಮ್ಮೆಗೇ ವೇಗದಿಂದ ಮೇಲಕ್ಕೆ ನೆಗೆಯುತ್ತದೆ. ಈ ನೆಗೆತ ಸ್ವಲ್ಪ ನಾಟಕೀಯವೆಂದು ಮೂಗು ಮುರಿಯುವವರಿದ್ದಾರೆ. ಸಂಗತಿಯೇ ನಾಟಕೀಯವಾಗಿರುವಾಗ ಈ ಆಕ್ಷೇಪ ನಮಗೆ ಬಲವುಳ್ಳದ್ದಾಗಿ ತೋರುವುದಿಲ್ಲ.

'ಬ್ಯೂಟಿಫುಲ್ ರಿವರ್' ಗೀತೆಯ ವಿಷಯದಲ್ಲಿ ಅತ್ಯಂತ ಕಠಿಣನಾದ ವಿಮರ್ಶಕ ಲೌರಿಯೇ. ಅದು ಹಿತ್ತಾಳೆ ವಾದ್ಯಗಳ ಬ್ಯಾಂಡಿಗೆ ತಕ್ಕ ಸಂಗೀತ, ದಂಡಿನ ನಡಿಗೆಯ ಓಟವಿರುವುದರಿಂದಲೇ ಜನಪ್ರಿಯವಾಯಿತು, ತನಗಂತೂ ಅದರ ಬಗ್ಗೆ ಹೆಚ್ಚಿನ ಅಭಿಪ್ರಾಯವಿಲ್ಲ ಎಂಬರ್ಥದ ಮಾತನ್ನು ಆತ ಹೇಳಿದ್ದಾನೆ. ಸುವಾರ್ತಾಗೀತೆಗಳನ್ನು ಹಳಿಯುವವರಿಗೆ ಈ ಮಾತು ಒಂದು ಆಯುಧವಾಗಿದೆ. ಆದರೆ ಆತ ಅಲ್ಲಿಗೇ ನಿಲ್ಲಿಸಲಿಲ್ಲ. ಎರಡು ಪ್ರಸಂಗಗಳನ್ನೂ ಹೇಳಿದ. ಒಮ್ಮೆ ಹ್ಯಾರಿಸ್‌ಬರ್ಗಿನಿಂದ ಲೂಯಿಸ್‌ಬರ್ಗಿಗೆ ರೈಲಿನಲ್ಲಿ ಹೋಗುತ್ತಿದ್ದಾಗ ಗಾಡಿಯ ತುಂಬ ಅರೆಮತ್ತಿನಲ್ಲಿದ್ದ ಮರಕಡಿಯುವ ಆಳುಗಳು. ಅವರಲ್ಲೊಬ್ಬ ಈ ಗೀತೆಯನ್ನು ಎತ್ತಿದ. ಎಲ್ಲರೂ ಸೇರಿ ಅಬ್ಬರದಿಂದ ಪಲ್ಲವಿಯನ್ನು ಮತ್ತೆ ಮತ್ತೆ ಹಾಡಿದರು. ಅವರ ಅರಿವಿಲ್ಲದೆಯೇ ಆ ಮಾತು ಅವರಲ್ಲಿ ಉಳಿದು ಎಂದಾದರೂ ಕೆಲಸ ಮಾಡೀತು ಎಂದು ಲೌರಿ ಅಂದುಕೊಂಡನಂತೆ. ಎರಡನೆಯದು ೧೮೮೦ರಲ್ಲಿ ಲಂಡನ್ನಿನಲ್ಲಿ, ಭಾನುವಾರದ ಪಾಠಶಾಲೆಗಳ ಪ್ರವರ್ತಕನಾದ ರಾಬರ್ಟ್ ರೇಕ್ಸನ ಶತಮಾನೋತ್ಸವದ ಸಭೆಯಲ್ಲಿ ನಡೆದದ್ದು. ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕುಳಿತಿದ್ದವನನ್ನು ಅಧ್ಯಕ್ಷರು ಈ ಗೀತೆಯ ಕರ್ತೃವೆಂದು ಸಾರಿ ವೇದಿಕೆಗೆ ಕರೆದಾಗ ಸಭೆ ಕರತಾಡನದಿಂದ ಸ್ವಾಗತಿಸಿತು. ಆ ಗೌರವ ತನಗಲ್ಲ, ಗೀತೆಗೆ ಸಂದದ್ದು ಎಂಬುದು ಆತನ ಅಭಿಪ್ರಾಯ.

ಲೌರಿಯ ತೀರ್ಪನ್ನು ಅರ್ಧ ಮಾತ್ರ ಒಪ್ಪಬಹುದೆಂದು ನಮಗೆ ತೋರುತ್ತದೆ. ನಡಿಗೆಯ ಓಟ ಇದೆ ಎಂಬುದು ನಿಜ. ಮಕ್ಕಳು ಧ್ವಜ ಹಿಡಿದು ಬೀದಿಯಲ್ಲಿ ಸಾಲಾಗಿ ನಡೆಯುವ ಭಾನುವಾರದ ಪಾಠಶಾಲೆಯ ಮೆರವಣಿಗೆಗಳಿಗೆ ಬ್ರೂಕ್ಲಿನ್ ಹೆಸರಾದ ಊರು. ಅಲ್ಲಿಯ ಪಾದ್ರಿಗೆ ಆ ಓಟ ಕಿವಿಯಲ್ಲಿ ತುಂಬಿದ್ದುದು ಸಹಜ. ಆದರೆ ಜನಪ್ರಿಯತೆಗೆ ಅದೊಂದೇ ಕಾರಣವಾಗಿದ್ದರೆ ಮರಕಡಿಯುವವರು ಪಲ್ಲವಿಯನ್ನೇ ಆರಿಸಿಕೊಂಡು ಹಾಡಬೇಕಾಗಿರಲಿಲ್ಲ. ಓಟ ಚರಣದಲ್ಲಿಯೂ ಅದೇ. ಅವರು ಆರಿಸಿಕೊಂಡದ್ದು ಆ 'ಹೌದು' ತೆರೆದುಕೊಳ್ಳುವ ಎಡೆಯನ್ನು. ತನ್ನ ಕೃತಿಯಲ್ಲಿ ಜನರು ಏನನ್ನು ಮೆಚ್ಚಿದರೆಂಬುದು ಕೃತಿಕಾರನಿಗಿಂತ ಆ ಕುಡುಕರಿಗೆ ಹೆಚ್ಚು ಗೊತ್ತಿತ್ತು.

ಈ ಗೀತೆಗಳ ಹಿಂದೆ ದೊಡ್ಡ ವ್ಯಾಪಾರವೂ ಇತ್ತೆಂಬುದನ್ನು ಮರೆಯಬಾರದು. ಬಾಸ್ಟನ್ನಿನ ಲೋವೆಲ್ ಮೇಸನ್ ೧೮೩೮ರಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಸಂಗೀತದ ಪಾಠಕ್ಕೆ ಅವಕಾಶ ಮಾಡಿಕೊಂಡ ಮೇಲೆ ಸ್ವರಲಿಪಿಯನ್ನು ಓದಬಲ್ಲ ಮಕ್ಕಳ ಒಂದು ತಲೆಮಾರೇ ಸಿದ್ಧವಾಯಿತು. ಮೇಸನ್ನನ ಶಿಷ್ಯ ವಿಲಿಯಂ ಬ್ರಾಡ್‌ಬರಿ ಅವರಿಗೆಂದು ಅಗ್ಗದ ಗೀತಸಂಪುಟಗಳನ್ನು ಹೊರಡಿಸಿದ. ಆತ ೧೮೬೮ರಲ್ಲಿ ತೀರಿಕೊಂಡ ಮೇಲೆ ಆ ಪ್ರಕಾಶನವನ್ನು ಮುಂದುವರಿಸಿದ ಬಿಗ್ಲೋ ಮತ್ತು ಮೇನ್ ಸಂಸ್ಥೆ ಸಂಪಾದಕತ್ವವನ್ನು ಲೌರಿಗೆ ವಹಿಸಿತು. ಸಹಸಂಪಾದಕ ವಿಲಿಯಂ ಡೋನ್, ಸಿನ್ಸಿನಾಟಿಯಲ್ಲಿ ಮರಗೆಲಸದ ಯಂತ್ರಗಳನ್ನು ತಯಾರಿಸುವ ಕಾರಖಾನೆಯ ಒಡೆಯ. ಒಬ್ಬ ಪಾದ್ರಿ, ಒಬ್ಬ ಕಾರಖಾನೆಯವನು. ಇಬ್ಬರೂ ಸೇರಿ 'ಬ್ರೈಟ್ ಜ್ಯುವೆಲ್ಸ್' (೧೮೬೯), 'ಪ್ಯೂರ್ ಗೋಲ್ಡ್' (೧೮೭೧), 'ರಾಯಲ್ ಡಯಡೆಮ್' (೧೮೭೩) ಎಂದು ಒಡವೆಯಂಗಡಿಯ ಹೆಸರುಗಳ ಸಂಪುಟಗಳನ್ನು ಒಂದಾದ ಮೇಲೊಂದು ತಂದರು. ಮಾರಾಟ ಲಕ್ಷಗಳ ಲೆಕ್ಕದಲ್ಲಿ ನಡೆಯಿತು. ಹೊಸ ಸಂಪುಟಕ್ಕೆ ಹೊಸ ಗೀತೆ ಬೇಕೇ ಬೇಕು; ಬೇಕೆಂದಾಗ ಬರೆದ ಗೀತೆಗಳಲ್ಲಿ ಹೆಚ್ಚಿನವು ಹೇಗಿರುತ್ತವೆಂಬುದನ್ನು ಊಹಿಸಬಹುದು. ವಿಮರ್ಶಕರ ಕೋಪ ಈ ರಾಶಿಯ ಮೇಲೆ, ಅದು ನ್ಯಾಯವೇ. ರಾಶಿಯನ್ನು ಕಂಡು ಕಾಳನ್ನೂ ತೂರಿಬಿಟ್ಟದ್ದು ಮಾತ್ರ ನ್ಯಾಯವಲ್ಲ.

ಈ ಮಟ್ಟಿನ ಮೇಲಿನ ನಿಜವಾದ ವಿಮರ್ಶೆಯನ್ನು ಬರೆದವರು ಲೇಖಕರಲ್ಲ, ಸಂಗೀತರಚನಕಾರರು. ಚಾರ್ಲ್ಸ್ ಐವ್ಸ್ ೧೮೭೪ರಲ್ಲಿ ಕನೆಕ್ಟಿಕಟ್ಟಿನ ಡ್ಯಾನ್‌ಬರಿಯಲ್ಲಿ ಬ್ಯಾಂಡ್ ಮಾಸ್ತರನೊಬ್ಬನ ಮಗನಾಗಿ ಹುಟ್ಟಿದವನು. ಬಯಲಿನ ಭಕ್ತಿಸಭೆಗಳಲ್ಲಿ ಜನ ಎದೆತುಂಬಿ, ಶ್ರುತಿಯ ಪರಿವೆಯಿಲ್ಲದೆ ಹಾಡುವುದನ್ನು ಬಾಲ್ಯದಿಂದ ಕೇಳಿದವನು. ಅಂಥ ಸಭೆಯ ಮಕ್ಕಳ ದಿನವನ್ನು ಚಿತ್ರಿಸುವ ತನ್ನ ನಾಲ್ಕನೆಯ ಪಿಟೀಲು ಸೊನಾಟಾದ ಕೊನೆಯ ಭಾಗವನ್ನು ಆತ ಲೌರಿಯ ಮಟ್ಟಿನ ಮೇಲೆ ಕಟ್ಟಿದ. ಅದನ್ನೇ ೧೯೧೬ರಲ್ಲಿ 'ಅಟ್ ದ ರಿವರ್' ಎಂಬ ಹಾಡಾಗಿ ಮಾಡಿ ೧೯೨೨ರ ತನ್ನ '೧೧೪ ಸಾಂಗ್ಸ್' ಸಂಪುಟದಲ್ಲಿ ಸೇರಿಸಿದ. ಮೇಳಗಳು ಅಲ್ಲಿ ಅಂಕುಡೊಂಕಾಗಿವೆ. ಪರಿಚಿತವಾದ ರಾಗ ಅಪರಿಚಿತವಾದ ನೀರಿನಲ್ಲಿ ತೇಲುತ್ತದೆ. ಮುಖ್ಯವಾದದ್ದು ಮುಕ್ತಾಯ. ಚರಣವೂ ಪಲ್ಲವಿಯೂ ಆದ ಮೇಲೆ, ಉತ್ತರ ಬಂದ ಮೇಲೆ, ಐವ್ಸ್ ಮತ್ತೆ ಪ್ರಶ್ನೆಗೆ ಹಿಂದಿರುಗಿ ಅಲ್ಲಿಯೇ, ಷಡ್ಜದ ವಿಶ್ರಾಂತಿಯಿಲ್ಲದೆ, ಹಾಡನ್ನು ನಿಲ್ಲಿಸಿಬಿಡುತ್ತಾನೆ. ವ್ಯಾಕರಣ ಕೇಳುತ್ತಿದ್ದರೂ ಸಂಗೀತ ಕೇಳುತ್ತಿಲ್ಲವೆಂದು ಹಿಂದೆ ಎತ್ತಿದ ಆಕ್ಷೇಪಕ್ಕೆ ಇದಕ್ಕಿಂತ ಸೂಕ್ಷ್ಮವಾದ ಪರಿಹಾರವನ್ನು ನಾವು ಕಂಡಿಲ್ಲ. ಇದು ಅಣಕವಲ್ಲ. ಪ್ರಶ್ನೆಯನ್ನು ನಿಜವಾಗಿ ಪ್ರಶ್ನೆಯಾಗಿ ಕೇಳಿದವನ ಪ್ರೀತಿ ಅಲ್ಲಿ ಇದೆ.

ಚಲಚ್ಚಿತ್ರಗಳಲ್ಲಿ ಈ ಮಟ್ಟಿಗೆ ಬೇರೊಂದು ಜೀವನ ದೊರಕಿತು. ಜಾನ್ ಫೋರ್ಡ್ ತನ್ನ ಹಲವು ಚಿತ್ರಗಳಲ್ಲಿ ಇದನ್ನು ಬಳಸಿಕೊಂಡ. ೧೯೪೬ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' ಚಿತ್ರದಲ್ಲಿ ಗೋಡೆಯಿಲ್ಲದ, ಬರಿಯ ಚೌಕಟ್ಟು ಎದ್ದುನಿಂತ ಚರ್ಚಿನಲ್ಲಿ ಗಡಿನಾಡಿನ ಜನ ಇದನ್ನು ಹಾಡುತ್ತಾರೆ. ಊರೆಂಬುದು ಇನ್ನೂ ಆಗಬೇಕಾಗಿದೆ, ಕೂಡುವುದು ಮೊದಲಾಗಿದೆ. ೧೯೬೯ರಲ್ಲಿ ಸ್ಯಾಮ್ ಪೆಕಿನ್‌ಪಾ 'ದ ವೈಲ್ಡ್ ಬಂಚ್' ಚಿತ್ರದ ಆರಂಭದಲ್ಲಿ ಇದೇ ಮಟ್ಟನ್ನು ಪಾನನಿರೋಧಿಗಳ ಮೆರವಣಿಗೆಯ ಬಾಯಿಗೆ ಕೊಟ್ಟು, ಆ ಮೆರವಣಿಗೆಯನ್ನು ಗುಂಡಿನ ಸುರಿಮಳೆಯ ನಡುವೆ ತಂದು ನಿಲ್ಲಿಸಿದ. ಫೋರ್ಡ್ ನಂಬಿದ್ದನ್ನು ಪೆಕಿನ್‌ಪಾ ನಂಬುವುದಿಲ್ಲ. ಆದರೆ ಮಟ್ಟು ಕೇಳಿದೊಡನೆ ಒಂದು ಸಮುದಾಯದ ಚಿತ್ರ ಪ್ರೇಕ್ಷಕನ ಮನ್ಸಿನಲ್ಲಿ ಏಳುತ್ತದೆಂಬ ಭರವಸೆಯಿಲ್ಲದಿದ್ದರೆ ಆ ಕ್ರೂರವಾದ ವ್ಯಂಗ್ಯ ಅಲ್ಲಿ ಫಲಿಸುತ್ತಲೇ ಇರಲಿಲ್ಲ.

ಮಟ್ಟು ಹೀಗೆ ಎಲ್ಲರದೂ ಆದಾಗ ಅದನ್ನು ಕಟ್ಟಿದವನ ಹೆಸರು ಹಿಂದೆ ಸರಿಯುತ್ತದೆ. ಲೌರಿ ೧೮೬೯ರ 'ಬ್ರೈಟ್ ಜ್ಯುವೆಲ್ಸ್' ಸಂಪುಟದಲ್ಲಿ ಪ್ರಕಟಿಸಿದ 'ಹೌ ಕ್ಯಾನ್ ಐ ಕೀಪ್ ಫ್ರಮ್ ಸಿಂಗಿಂಗ್' ಎಂಬ ಗೀತೆಯ ಮಟ್ಟು, ೨೦ನೆಯ ಶತಮಾನದಲ್ಲಿ ಪೀಟ್ ಸೀಗರ್ ಮೊದಲಾದವರ ಬಾಯಲ್ಲಿ ಜನಪದಗೀತೆಯಾಗಿ ಹರಡಿ, ಶೇಕರ್ ಪಂಥದ ಹಳೆಯ ಹಾಡೆಂದು ತಪ್ಪಾಗಿ ಕರೆಸಿಕೊಂಡದ್ದೂ ಉಂಟು. ನಮ್ಮ ದಾಸರ ಪದಗಳ ಗತಿ ಇದಕ್ಕೆ ತಿರುಗುಮುರುಗಾದದ್ದು: ಅಲ್ಲಿ ಅಂಕಿತ ಉಳಿದಿದೆ, ಮಾತು ಉಳಿದಿದೆ, ಮೂಲದ ಮಟ್ಟುಗಳಲ್ಲಿ ಎಷ್ಟೋ ಕಳೆದುಹೋಗಿವೆ. ಹ್ಯಾನ್ಸನ್ ಪ್ಲೇಸಿನ ಚರ್ಚಿನ ಕಟ್ಟಡವೇ ೧೯೬೩ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಗಡದವರ ವಶಕ್ಕೆ ಬಂತು. ಬೀದಿಯ ಹೆಸರು ಮಾತ್ರ ಮಟ್ಟಿನ ತಲೆಯ ಮೇಲೆ ಹಾಗೆಯೇ ಇದೆ.

ಕೊನೆಯದಾಗಿ ಏರನ್ ಕೋಪ್ಲಂಡನ ಹೆಸರನ್ನು ಹೇಳಬೇಕು. ಯಹೂದಿ ಮನೆತನದಲ್ಲಿ, ಅದೇ ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಈ ರಚನಕಾರ ೧೯೫೨ರಲ್ಲಿ ತನ್ನ 'ಓಲ್ಡ್ ಅಮೆರಿಕನ್ ಸಾಂಗ್ಸ್' ಎರಡನೆಯ ಗುಚ್ಛದಲ್ಲಿ ಲೌರಿಯ ಗೀತೆಯನ್ನು ಅಳವಡಿಸಿದ. ಐವ್ಸ್‌ನಂತೆ ಆತ ಅದನ್ನು ಮುರಿಯಲಿಲ್ಲ. ರಾಗವನ್ನು ಬಹುಮಟ್ಟಿಗೆ ಇದ್ದಂತೆಯೇ ಇಟ್ಟು ಓಟವನ್ನು ತಗ್ಗಿಸಿದ. ಲೌರಿ ಯಾವುದನ್ನು ತನ್ನ ಮಟ್ಟಿನ ದೋಷವೆಂದು ಎಣಿಸಿದ್ದನೋ ಆ ದಂಡಿನ ನಡಿಗೆ ಅಲ್ಲಿ ಇಲ್ಲ. ಅದರ ಆಸರೆಯಿಲ್ಲದೆಯೂ ಮಟ್ಟು ನಿಲ್ಲುತ್ತದೆ. ಹಾರ್ಮೋನಿಯಂ ದೊರೆಯುವ ಯಾವ ಕಾಲೇಜಿನಲ್ಲಾದರೂ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಲೌರಿಯ ಮೂರೇ ಮೇಳಗಳನ್ನಿಟ್ಟುಕೊಂಡು ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಅದರ ಅರ್ಧ ವೇಗದಲ್ಲಿ ನುಡಿಸಿ, ಎರಡು ಸಲವೂ ಚರಣದ ಕೊನೆಯ ಷಡ್ಜದಿಂದ ಪಲ್ಲವಿಯ ಮೊದಲ ಮಧ್ಯಮಕ್ಕೆ ಕೈ ಸರಿಯುವ ಎಡೆಯಲ್ಲಿ ನಿಂತು ಕೇಳಬೇಕು.